ಟೈರಿಗೆ ಎಷ್ಟು ಮಳೆಗಾಲ?

ಮೂರ್ನಾಡಿನ ಪೆಟ್ರೋಲ್ ಬಂಕಿನಲ್ಲಿ, ಭಾಗಮಂಡಲದ ಹೋಟೆಲಿನ ಜಗಲಿಯಲ್ಲಿ, ನಾಪೋಕ್ಲು ಪೇಟೆಯ ಕಾಫಿ ಅಂಗಡಿಯ ಮುಂದೆ ಮಾತಿಗೆ ಸಿಗುವ ಬೈಕ್ ಸವಾರರು ಎಲ್ಲೆಲ್ಲಿಂದಲೋ ಹೊರಟು ಕೊನೆಗೆ ಒಂದು ಪ್ರಶ್ನೆಗೆ ಬರುತ್ತಾರೆ: ಈ ಟೈರು ಎಷ್ಟು ಕಿಲೋಮೀಟರ್ ಬರುತ್ತದೆ? ಯಾರಾದರೊಬ್ಬರು ಹನ್ನೆರಡು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ಹದಿನೆಂಟು ಎನ್ನುತ್ತಾರೆ, ಮತ್ತೊಬ್ಬರು ತಮ್ಮದು ಇಪ್ಪತ್ತು ದಾಟಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಹೆಮ್ಮೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಹಣ ಉಳಿಸಿದ ಸಮಾಧಾನ ಅದರಲ್ಲಿ ಇದೆ, ಸರಿ. ಆದರೆ ಆ ಇಪ್ಪತ್ತು ಸಾವಿರದ ಕೊನೆಯ ಐದು ಸಾವಿರ ಕಿಲೋಮೀಟರುಗಳಲ್ಲಿ ಅವರು ಏನೇನು ನೋಡಿದರು ಎಂದು ಕೇಳಬೇಕೆನ್ನಿಸುತ್ತದೆ. ಕೊಡಗಿನ ಒಳರಸ್ತೆಗಳಲ್ಲಿ ಓಡಾಡಿ ನನಗೆ ಮನವರಿಕೆಯಾಗಿರುವ ಸಂಗತಿ ಇದು: ಸವೆದ ಟೈರು ಮೊದಲು ಕಸಿದುಕೊಳ್ಳುವುದು ಸವಾರನ ಕಣ್ಣನ್ನು. ಜಾರುವುದು, ಬೀಳುವುದು, ಪಂಕ್ಚರ್ ಆಗುವುದು ಎಲ್ಲವೂ ಆಮೇಲಿನವು.

ಕಿಲೋಮೀಟರಿನ ಲೆಕ್ಕ ಹೆದ್ದಾರಿಗೆ ಹೊಂದೀತು. ನಮ್ಮ ಜಿಲ್ಲೆಯ ಒಳಗೇ ಅದು ಹೊಂದುವುದಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ರಸ್ತೆ ಅಗಲ, ಟಾರು ಬಿಸಿ. ಅಲ್ಲಿ ಟೈರಿನ ನಡುಭಾಗ ಸಮವಾಗಿ ಸವೆಯುತ್ತಾ ಹೋಗುತ್ತದೆ. ಆನೆಕಾಡು ದಾಟಿ, ಸುಂಟಿಕೊಪ್ಪ ಹತ್ತಿ, ಮಡಿಕೇರಿ ಮುಟ್ಟಿ ಪಶ್ಚಿಮಕ್ಕೆ ತಿರುಗಿದರೆ ಬೇರೆಯದೇ ಲೋಕ. ಚೇರಂಬಾಣೆ, ಭಾಗಮಂಡಲ, ಕಕ್ಕಬ್ಬೆ, ಇತ್ತ ಸೋಮವಾರಪೇಟೆಯಿಂದ ಶಾಂತಳ್ಳಿ, ತೆಂಕಣ ತುದಿಗೆ ಹುದಿಕೇರಿ, ಬಿರುನಾಣಿ. ಈ ಕಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾರು ಪೂರ್ತಿ ಒಣಗುವುದೇ ಅಪರೂಪ. ಎರಡೂ ಬದಿಯ ಕಾಫಿ ತೋಟದ ಸಿಲ್ವರ್ ಓಕ್ ಮತ್ತು ಬಳಂಜಿ ಮರಗಳು ಮೇಲೆ ಚಪ್ಪರ ಕಟ್ಟಿರುತ್ತವೆ. ಬಿಸಿಲು ಬೀಳದ ತಿರುವುಗಳಲ್ಲಿ ರಸ್ತೆಯ ನಡುವೆಯೇ ಹಸಿರು ಪಾಚಿ ಕಟ್ಟುತ್ತದೆ. ಎರಡು ಚಕ್ರಗಳ ಜಾಡು ಮಾತ್ರ ಕಪ್ಪಗೆ ಉಳಿದಿರುತ್ತದೆ. ಎಸ್ಟೇಟಿನ ಗೇಟಿನಿಂದ ಹೊರಬರುವ ಟ್ರ್ಯಾಕ್ಟರ್ ಕೆಂಪು ಮಣ್ಣನ್ನು ಟಾರಿಗೆ ಬಳಿದು ಹೋಗುತ್ತದೆ. ಉದುರಿದ ಎಲೆ ಕೊಳೆತು ಪದರವಾಗುತ್ತದೆ. ಹೀಗಾಗಿ ಇಲ್ಲಿ ಟೈರಿನ ಆಯಸ್ಸನ್ನು ನಾನು ಮಳೆಗಾಲಗಳ ಲೆಕ್ಕದಲ್ಲಿ ಎಣಿಸುತ್ತೇನೆ. ಈ ಟೈರು ಮುಂದಿನ ಮುಂಗಾರನ್ನು ದಾಟಿಸೀತೇ? ಮೇ ತಿಂಗಳಿನಲ್ಲಿ ಬೈಕಿನ ಪಕ್ಕ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಅಂಗೈಯಗಲದ ರಬ್ಬರ್

ಬೈಕು ಎಷ್ಟೇ ಭಾರವಿರಲಿ, ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಅಂಗೈಯಗಲ ಮಾತ್ರ. ವೇಗ ಕೂಡುವುದು, ನಿಲ್ಲುವುದು, ಓರೆಯಾಗಿ ತಿರುವು ದಾಟುವುದು ಎಲ್ಲವೂ ಆ ಎರಡು ಅಂಗೈಗಳ ಮೂಲಕವೇ ನಡೆಯಬೇಕು. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ. ಬೈಕನ್ನು ನಿಲ್ಲಿಸುವುದು ಟೈರು. ಒಣ ಟಾರಿನ ಮೇಲೆ ಗೀರುಗಳಿಲ್ಲದ ಟೈರೂ ಚೆನ್ನಾಗಿಯೇ ಹಿಡಿಯುತ್ತದೆ. ರೇಸ್ ಬೈಕುಗಳಿಗೆ ಒಣ ಟ್ರ್ಯಾಕಿನಲ್ಲಿ ಬೋಳು ಟೈರನ್ನೇ ಹಾಕುತ್ತಾರೆ. ಗೀರುಗಳು ಇರುವುದು ನೀರಿಗಾಗಿ. ರಬ್ಬರ್ ಮತ್ತು ಟಾರಿನ ನಡುವೆ ಸಿಕ್ಕಿಕೊಂಡ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ಆ ದಾರಿ ಆಳವಿಲ್ಲದಿದ್ದರೆ ನೀರು ನಡುವೆಯೇ ಉಳಿದು ಟೈರನ್ನು ಎತ್ತುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಆಳವಿರಬಾರದು; ಕಾರಿಗೆ ಈ ಮಿತಿ 1.6 ಮಿಲಿಮೀಟರ್. ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸವೆದ ಮೇಲ್ಮೈ ಆ ದಿಬ್ಬಗಳ ಮಟ್ಟಕ್ಕೆ ಇಳಿದರೆ ಟೈರಿನ ಕಾಲ ಮುಗಿದಂತೆ. ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಪಕ್ಕೆಯ ಮೇಲೆ ಸಣ್ಣ ತ್ರಿಕೋನವನ್ನೋ ಮೂರು ಇಂಗ್ಲಿಷ್ ಅಕ್ಷರಗಳನ್ನೋ ಅಚ್ಚೊತ್ತಿರುತ್ತಾರೆ. ಇದು ಕಾನೂನಿನ ಮಿತಿ. ಕಾನೂನು ಇಡೀ ದೇಶಕ್ಕೆ ಒಂದೇ ಗೆರೆ ಎಳೆಯಬೇಕಾಗುತ್ತದೆ. ರಾಯಚೂರಿನ ರಸ್ತೆಗೂ ಅದೇ, ಜುಲೈ ತಿಂಗಳ ಭಾಗಮಂಡಲಕ್ಕೂ ಅದೇ. ನನ್ನ ಗೆರೆ ಬೇರೆ. ಜೂನ್ ಹೊತ್ತಿಗೆ ಹಿಂದಿನ ಟೈರಿನ ನಡುವೆ ಎರಡು ಮಿಲಿಮೀಟರ್ ಉಳಿಯುವುದಿಲ್ಲ ಎಂದು ಕಂಡರೆ ಮಳೆ ಹಿಡಿಯುವ ಮೊದಲೇ ಬದಲಿಸುತ್ತೇನೆ. ಇನ್ನೂ ಓಡುತ್ತದಲ್ಲ ಎಂದು ಹೇಳುವವರು ಇದ್ದೇ ಇರುತ್ತಾರೆ. ಓಡುತ್ತದೆ, ನಿಜ. ಯಾವ ರಸ್ತೆಯಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಅವರು ಹೇಳುವುದಿಲ್ಲ.

ಗೀರಿನ ಆಳದಷ್ಟೇ ಮುಖ್ಯವಾದದ್ದು ವಯಸ್ಸು. ಟೈರಿನ ಪಕ್ಕೆಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 3219 ಎಂದಿದ್ದರೆ 2019ರ 32ನೇ ವಾರದ ಟೈರು. ಬಿಸಿಲು, ಗಾಳಿ ತಾಗಿ ರಬ್ಬರ್ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ. ಕಣ್ಣಿಗೆ ಗೀರು ಆಳವಾಗಿಯೇ ಕಾಣುತ್ತಿರುತ್ತದೆ, ಉಗುರಿನಿಂದ ಒತ್ತಿದರೆ ಮಾತ್ರ ಮರದ ತುಂಡಿನಂತಿರುತ್ತದೆ. ವರ್ಷದ ಬಹುಪಾಲು ಮನೆಯ ಮುಂದೆ ನಿಂತಿದ್ದು, ರಜೆಗೆಂದು ಮಾತ್ರ ಹೊರಬರುವ ಬೈಕುಗಳಲ್ಲಿ ಇಂಥ ಟೈರುಗಳೇ ಹೆಚ್ಚು. ಅವು ಸವೆದ ಟೈರಿಗಿಂತ ಹೆಚ್ಚು ಮೋಸ ಮಾಡುತ್ತವೆ, ಏಕೆಂದರೆ ನೋಡಲು ಹೊಸದರಂತಿರುತ್ತವೆ.

ಕಕ್ಕಬ್ಬೆಯ ತಿರುವುಗಳು

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಳೆಯ 350 ಸಿಸಿ ಬೈಕನ್ನು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ; ಕಡ್ಡಿ ಚಕ್ರದ, ಟ್ಯೂಬ್ ಇರುವ ಟೈರಿನ ಬೈಕು. ಒಮ್ಮೆ ಮೇ ಕೊನೆಯಲ್ಲಿ ಬಂದಿದ್ದ. ಮುಂಗಾರು ಇನ್ನೂ ಹಿಡಿದಿರಲಿಲ್ಲ, ಆದರೆ ಸಂಜೆಯ ಮಳೆಗಳು ಶುರುವಾಗಿದ್ದವು. ಇಬ್ಬರೂ ನಮ್ಮ ನಮ್ಮ ಬೈಕಿನಲ್ಲಿ ವಿರಾಜಪೇಟೆಯಿಂದ ಕಕ್ಕಬ್ಬೆಯ ಕಡೆಗೆ ಹೊರಟೆವು. ಹಿಂದಿನ ರಾತ್ರಿ ಮಳೆ ಬಿದ್ದು ನಿಂತಿತ್ತು. ಬೇಸಿಗೆಯ ಧೂಳು, ಲಾರಿ ಜೀಪುಗಳಿಂದ ಸೋರಿದ ಎಣ್ಣೆ ಎಲ್ಲ ಮೊದಲ ಮಳೆಗಳಿಗೆ ಮೇಲೆದ್ದು ಬರುವ ದಿನಗಳು ಅವು. ಜುಲೈನ ಜಡಿಮಳೆಗಿಂತ ಈ ದಿನಗಳಲ್ಲೇ ಟಾರು ಹೆಚ್ಚು ಜಾರುತ್ತದೆ.

ನಾನು ಮುಂದೆ, ಅವನು ಹಿಂದೆ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವನು ದೂರವಾಗುತ್ತಿದ್ದ. ಭುಜಗಳು ಬಿಗಿದಿದ್ದವು, ನೋಟ ಮುಂದಿನ ಚಕ್ರದಿಂದ ನಾಲ್ಕಾರು ಮಾರು ಆಚೆ ಹೋಗುತ್ತಲೇ ಇರಲಿಲ್ಲ. ತಿರುವಿಗೆ ಬಂದಾಗ ಬೈಕನ್ನು ನೆಟ್ಟಗೆ ಹಿಡಿದು, ಕೊನೆಯ ಕ್ಷಣದಲ್ಲಿ ತಟ್ಟನೆ ವಾಲಿಸಿ, ಮತ್ತೆ ನೆಟ್ಟಗೆ ಮಾಡುತ್ತಿದ್ದ. ಕಕ್ಕಬ್ಬೆಯಲ್ಲಿ ಕಾಫಿಗೆ ನಿಂತಾಗ ಹೆಲ್ಮೆಟ್ ತೆಗೆದು ಅವನು ಹೇಳಿದ ಮೊದಲ ಮಾತು ಇದು: "ಅಣ್ಣಾ, ಈ ರಸ್ತೆ ಮೊದಲಿನ ಹಾಗಿಲ್ಲ. ತಿರುವಿನಲ್ಲಿ ಬೈಕನ್ನು ಹೊರಗೆ ತಳ್ಳುತ್ತದೆ."

ರಸ್ತೆ ಮೊದಲಿನ ಹಾಗೆಯೇ ಇತ್ತು. ಬರುವ ದಾರಿಯಲ್ಲಿ ತಡಿಯಂಡಮೋಳಿನ ಹೆಗಲಿನ ಮೇಲೆ ಮೋಡ ಇಳಿಯುತ್ತಿತ್ತು. 1748 ಮೀಟರ್ ಎತ್ತರದ, ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ ಅದು. ನೋಡಿದೆಯಾ ಎಂದು ಕೇಳಿದೆ. ಇಲ್ಲ ಎಂದ. ಇಗ್ಗುತ್ತಪ್ಪನ ದೇವಸ್ಥಾನವಿರುವ ಪಾಡಿ ಎಂಬ ಊರಿಗೆ ಹೋಗುವ ದಾರಿಯ ಕಮಾನು? ಅದನ್ನೂ ನೋಡಿರಲಿಲ್ಲ. ಬಾಲ್ಯದಲ್ಲಿ ನಾವು ಹತ್ತಾರು ಸಲ ಬಂದ ದಾರಿ. ಮಳೆಯ ದೇವರೆಂದು ಕೊಡಗಿನವರು ನಂಬುವ ಇಗ್ಗುತ್ತಪ್ಪನ ಊರಿನ ಹೊಸ್ತಿಲಲ್ಲಿ ನಿಂತು ಅವನು ಬರೀ ಟಾರನ್ನು ನೋಡಿಕೊಂಡು ಬಂದಿದ್ದ.

ಅವನ ಬೈಕಿನ ಹಿಂದಿನ ಟೈರಿನ ಮೇಲೆ ಕೈಯಾಡಿಸಿದೆ. ಹೊಸ ಟೈರಿನ ಬೆನ್ನು ಒಂದೇ ಸಮನೆ ದುಂಡಗಿರುತ್ತದೆ. ಅಂಗೈ ಈ ಪಕ್ಕದಿಂದ ಆ ಪಕ್ಕಕ್ಕೆ ಎಲ್ಲೂ ತಡೆಯಿಲ್ಲದೆ ಹೋಗಬೇಕು. ಇದರ ನಡುಭಾಗ ಚಪ್ಪಟೆಯಾಗಿತ್ತು, ಎರಡೂ ಬದಿಗೆ ಬೆರಳಿಗೆ ಸಿಗುವಂಥ ಏಣು ಎದ್ದಿತ್ತು. ಬೆಂಗಳೂರು ಮೈಸೂರು ಹೆದ್ದಾರಿಯ ನೇರ ಓಟ ಮಾಡುವ ಕೆಲಸ ಇದು. ಇಂಥ ಟೈರು ನೇರ ಹೋಗುವಾಗ ಏನನ್ನೂ ಹೇಳುವುದಿಲ್ಲ. ಓರೆಯಾಗುವಾಗ ಮೊದಲು ವಾಲಲು ಒಲ್ಲೆ ಎನ್ನುತ್ತದೆ, ಏಣು ದಾಟಿದ ಕೂಡಲೇ ಒಮ್ಮೆಗೇ ಬೀಳುವಂತೆ ವಾಲುತ್ತದೆ. ಸವಾರನ ಮೈ ಇದನ್ನು ಅರಿಯುತ್ತದೆ, ಬುದ್ಧಿಗೆ ತಿಳಿಯುವುದಿಲ್ಲ. ಸವೆತ ದಿನದಿನವೂ ಸ್ವಲ್ಪ ಸ್ವಲ್ಪವೇ ಆಗುವುದರಿಂದ ಮೈಯೂ ಸ್ವಲ್ಪ ಸ್ವಲ್ಪವೇ ಹೆದರಲು ಕಲಿಯುತ್ತದೆ. ನೋಟ ಹತ್ತಿರಕ್ಕೆ ಬರುತ್ತದೆ. ಕೊನೆಗೆ ರಸ್ತೆ ಕೆಟ್ಟಿದೆ, ವಯಸ್ಸಾಯಿತು, ಮೊದಲಿನ ಉತ್ಸಾಹವಿಲ್ಲ ಎಂದೆಲ್ಲ ಅನ್ನಿಸತೊಡಗುತ್ತದೆ. ಒಳ್ಳೆಯ ಸವಾರರು ಈ ರಸ್ತೆಗಳಿಂದ ದೂರವಾಗಿರುವುದನ್ನು ನಾನು ಕಂಡಿದ್ದೇನೆ, ಅವರ ಬೈಕಿನ ಹಿಂದಿನ ಚಕ್ರವನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಇಕ್ಕನ ಅಂಗಡಿಯಲ್ಲಿ

ಮರುದಿನ ವಿರಾಜಪೇಟೆಯ ಟೈರು ಅಂಗಡಿಗೆ ಹೋದೆವು. ಅಂಗಡಿಯವರನ್ನು ಊರೆಲ್ಲ ಇಕ್ಕ ಎಂದೇ ಕರೆಯುತ್ತದೆ. ಅವರು ಏನನ್ನೂ ಕೇಳದೆ ಬೈಕನ್ನು ನಡುಸ್ಟ್ಯಾಂಡಿಗೆ ಎತ್ತಿ, ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ಹೇಳಿದರು: "ಹೆದ್ದಾರಿಯಲ್ಲಿ ಓಡಿದ ಗಾಡಿ. ಗಾಳಿಯೂ ಜಾಸ್ತಿ ಇಟ್ಟು ಓಡಿಸಿದ್ದೀರಿ." ನನ್ನ ತಮ್ಮ ತಲೆಯಾಡಿಸಿದ. ನಡುಭಾಗ ಬೇಗ ಸವೆಯಲು ಅದೂ ಒಂದು ಕಾರಣ. ಬಲಬದಿಯ ಅಂಚು ಎಡಕ್ಕಿಂತ ತುಸು ಹೆಚ್ಚು ಸವೆದಿದ್ದನ್ನೂ ಅವರು ತೋರಿಸಿದರು. ರಸ್ತೆಯ ಎಡಕ್ಕೆ ಸಾಗುವ ನಮಗೆ ಬಲತಿರುವಿನಲ್ಲಿ ಹೊರಸುತ್ತು ಸಿಗುತ್ತದೆ, ಅಂದರೆ ಬಲಕ್ಕೆ ವಾಲಿಕೊಂಡು ಹೋಗುವ ದೂರವೇ ಹೆಚ್ಚು.

ಯಾವ ಟೈರು ಹಾಕಬೇಕೆಂಬ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ತಮ್ಮನಿಗೆ ದಪ್ಪ ಬಟನ್‌ಗಳ ಟೈರಿನ ಮೇಲೆ ಆಸೆ. ಬೆಟ್ಟಕ್ಕೆ ಅದೇ ಸರಿ ಎಂದು ಅವನ ಗೆಳೆಯರು ಹೇಳಿದ್ದರಂತೆ. ನಾನು ಒಪ್ಪಲಿಲ್ಲ, ಇಕ್ಕನೂ ಒಪ್ಪಲಿಲ್ಲ. ಬಟನ್ ಟೈರು ಸಡಿಲ ಮಣ್ಣಿಗೆ, ಕೆಸರಿಗೆ. ಕೊಡಗಿನ ಒಳರಸ್ತೆಗಳು ಕಿರಿದಾಗಿದ್ದರೂ ಬಹುಪಾಲು ಟಾರಿನವೇ, ಹಲವು ಕಡೆ ಕಾಂಕ್ರೀಟಿನವು. ಒದ್ದೆ ಟಾರಿನ ಮೇಲೆ ಬಟನ್‌ಗಳ ನಡುವೆ ಖಾಲಿ ಜಾಗವೇ ಹೆಚ್ಚಾಗಿ, ನೆಲ ಮುಟ್ಟುವ ರಬ್ಬರ್ ಕಡಿಮೆಯಾಗುತ್ತದೆ. ಆಳವಾದ ಓರೆ ಗೀರುಗಳ, ಮೆದುವಾದ ರಬ್ಬರಿನ ರಸ್ತೆ ಟೈರೇ ಇಲ್ಲಿಗೆ ಹೊಂದುವುದು. ಅಳತೆಯಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಅವನ ಹಿಂದಿನ ಟೈರಿನ ಮೇಲೆ 110/90-18 61P ಎಂದಿತ್ತು: ಅಗಲ 110 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ ಶೇಕಡ 90, ರಿಮ್ಮಿನ ಅಡ್ಡಳತೆ 18 ಇಂಚು, 61 ಎಂದರೆ 257 ಕಿಲೋ ಭಾರದ ಮಿತಿ, P ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ಇದಕ್ಕಿಂತ ದಪ್ಪ ಟೈರನ್ನು ಅದೇ ರಿಮ್ಮಿಗೆ ತುರುಕಿದರೆ ಅದರ ಬೆನ್ನಿನ ದುಂಡಗಿನ ಆಕಾರ ಕೆಡುತ್ತದೆ. ನೋಟಕ್ಕೆ ಚಂದ, ತಿರುವಿಗೆ ಭಾರ.

ಇಕ್ಕ ಕೆಲಸ ಮಾಡುವುದನ್ನು ನೋಡುತ್ತಾ ನಿಲ್ಲುವುದು ನನಗೆ ಬಹಳ ಇಷ್ಟ. ಚೈನ್ ಕಳಚಿ, ಆಕ್ಸಲ್ ಎಳೆದು, ಚಕ್ರವನ್ನು ನೆಲಕ್ಕೆ ಮಲಗಿಸಿ, ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಿದರು. ಒಳಗಿನ ಟ್ಯೂಬನ್ನು ಹೊರಗೆಳೆದಾಗ ಅದರ ಮೇಲೆ ಮಡಿಕೆಯ ಗೆರೆಗಳಿದ್ದವು. ಹಳೆಯ ತೇಪೆಯ ಅಂಚು ಎದ್ದಿತ್ತು. ಟೈರಿನ ಜೊತೆಗೆ ಟ್ಯೂಬನ್ನೂ ಬದಲಿಸುವುದು ಅವರ ಕಟ್ಟುನಿಟ್ಟು. ಹಿಗ್ಗಿದ ಹಳೆಯ ಟ್ಯೂಬು ಹೊಸ ಟೈರಿನೊಳಗೆ ಮಡಿಚಿಕೊಂಡು ಅಲ್ಲೇ ಸೀಳುತ್ತದೆ. ಕಡ್ಡಿಗಳ ತುದಿ ಟ್ಯೂಬಿಗೆ ತಾಗದಂತೆ ರಿಮ್ಮಿನ ಸುತ್ತ ಹಾಕುವ ರಬ್ಬರ್ ಪಟ್ಟಿ ಒಣಗಿ ಬಿರಿದಿತ್ತು, ಅದನ್ನೂ ಬದಲಿಸಿದರು. ತುಕ್ಕನ್ನು ಉಜ್ಜಿ ತೆಗೆದರು. ಹೊಸ ಟೈರಿನ ಪಕ್ಕೆಯ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೆ ಇರುವಂತೆ, ಹಳದಿ ಚುಕ್ಕೆ ವಾಲ್ವಿನ ಪಕ್ಕಕ್ಕೆ ಬರುವಂತೆ ಇಟ್ಟರು. ಟೈರಿನ ಅತ್ಯಂತ ಹಗುರ ಜಾಗ ಆ ಚುಕ್ಕೆ ಇರುವಲ್ಲಿ. ವಾಲ್ವಿನ ಭಾರ ಅಲ್ಲಿಗೆ ಸೇರಿದರೆ ತೂಕ ಸರಿದೂಗುತ್ತದೆ. ಟ್ಯೂಬಿಗೆ ಅರೆ ಗಾಳಿ ತುಂಬಿ ಒಳಗೆ ಕೂರಿಸಿ, ಅಂಚಿಗೆ ಸೋಪು ನೀರು ಸವರಿ, ಲಿವರ್‌ನ ತುದಿ ಟ್ಯೂಬಿಗೆ ತಾಗದಂತೆ ಗೇಣು ಗೇಣಾಗಿ ಏರಿಸಿದರು. ಗಾಳಿ ತುಂಬಿದಾಗ ಅಂಚು ಠಪ್ ಎಂದು ರಿಮ್ಮಿಗೆ ಕೂತಿತು. ಪಕ್ಕೆಯ ತೆಳು ಗೆರೆ ರಿಮ್ಮಿನಿಂದ ಸುತ್ತಲೂ ಸಮ ದೂರದಲ್ಲಿದೆಯೇ ಎಂದು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಈ ಕೊನೆಯ ನೋಟವನ್ನು ಎಷ್ಟೋ ಅಂಗಡಿಗಳಲ್ಲಿ ಬಿಟ್ಟುಬಿಡುತ್ತಾರೆ.

ಮುಂದಿನ ಟೈರಿನಲ್ಲಿ ಗೀರು ಸಾಕಷ್ಟಿತ್ತು. ಆದರೆ ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದವು, ತಯಾರಿಕೆಯ ಅಂಕಿಗಳು ಅದು ಬೈಕಿನಷ್ಟೇ ಹಳೆಯದೆಂದು ಹೇಳುತ್ತಿದ್ದವು. ಆ ಅಳತೆ ಅಂಗಡಿಯಲ್ಲಿರಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಹಾಕಿ ಕಳಿಸಲು ಇಕ್ಕ ಫೋನ್ ಮಾಡಿದರು. ಬೈಕಿನಲ್ಲಿ ಇಲ್ಲಿಗೆ ಬರುವವರಿಗೆ ಇದನ್ನು ಒತ್ತಿ ಹೇಳಬೇಕು: ನಮ್ಮ ಪೇಟೆಗಳು ಸಣ್ಣವು, ಎಲ್ಲ ಅಳತೆಯ ಟೈರೂ ಇಲ್ಲಿ ದಾಸ್ತಾನಿರುವುದಿಲ್ಲ. ಸಂಶಯವಿದ್ದರೆ ಹೊರಡುವ ಮೊದಲೇ ನಿಮ್ಮ ಊರಿನಲ್ಲಿ ಬದಲಿಸಿಕೊಳ್ಳಿ.

ದಾರಿಯಲ್ಲಿ ಇರುವವರು

ಮುಂದಿನ ಟೈರು ಬಂದು ಕೂತ ಮೇಲೆ ಮತ್ತೆ ಅದೇ ಕಕ್ಕಬ್ಬೆಯ ದಾರಿ ಹಿಡಿದೆವು. ಅಚ್ಚಿನಿಂದ ಹೊರಬಂದ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರಿನಷ್ಟು ಜೋರಾಗಿ ಬ್ರೇಕ್ ಹಿಡಿಯದೆ, ಹೆಚ್ಚು ವಾಲಿಸದೆ ಓಡಿಸಬೇಕು. ಹಾಗಾಗಿ ಮೊದಲ ದಿನಕ್ಕಿಂತಲೂ ನಿಧಾನವಾಗಿಯೇ ಹೋದೆವು. ಆದರೂ ಕನ್ನಡಿಯಲ್ಲಿ ಕಂಡ ತಮ್ಮ ಬೇರೆಯವನಾಗಿದ್ದ. ತಲೆ ಎತ್ತಿದ್ದ. ತಿರುವಿಗೆ ಮೊದಲೇ ಅವನ ಮುಖ ತಿರುವಿನ ಆಚೆ ತುದಿಗೆ ತಿರುಗುತ್ತಿತ್ತು. ನಿಂತಲ್ಲೆಲ್ಲ ಮಾತಾಡಿದ. ಬಾಣೆಯ ಮೇಲಿನ ಐನ್‌ಮನೆಗೆ (ಕೊಡವ ಕುಟುಂಬದ ಮೂಲಮನೆಗೆ) ಹೊಸ ಹೆಂಚು ಹೊದಿಸಿರುವುದು, ಗದ್ದೆಯಲ್ಲಿ ಸಸಿಮಡಿಗೆ ನೀರು ಕಟ್ಟಿರುವುದು, ಮರ ತಬ್ಬಿದ ಮೆಣಸಿನ ಬಳ್ಳಿಯಲ್ಲಿ ಹೊಸ ಕುಡಿ ಒಡೆದಿರುವುದು, ದೇವರಕಾಡಿನ ಒಳಗಿನ ಕತ್ತಲು. ನಾನು ಕಾಣದೇ ಹೋದದ್ದನ್ನೂ ಅವನು ಕಂಡಿದ್ದ: ತೊರೆಯ ಮೋರಿಯ ಮೇಲೆ ಕೂತು ಮನುಷ್ಯರ ಹಾಗೆ ಸಿಳ್ಳೆ ಹಾಕುವ ನೀಲಿ ಹಕ್ಕಿ.

ಈ ರಸ್ತೆಗಳನ್ನು ಪ್ರವಾಸಿಗರಿಗಾಗಿ ಮಾಡಿದ್ದಲ್ಲ ಎಂಬುದೂ ಕಣ್ಣೆತ್ತಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಬೆಳಿಗ್ಗೆ ಬಸ್ಸಿಗಾಗಿ ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಿಲ್ಲುವ ಶಾಲೆಯ ಮಕ್ಕಳು, ಸಂಜೆ ಲೈನ್ ಮನೆಗೆ ನಡೆದು ಮರಳುವ ತೋಟದ ಕೆಲಸಗಾರರು, ತಿರುವಿನಲ್ಲಿ ಇಡೀ ರಸ್ತೆ ತುಂಬಿ ಬರುವ ಬಸ್ಸು. ಮಾಲ್ದಾರೆ, ತಿತಿಮತಿ ಕಡೆ ಕತ್ತಲಾದರೆ ಆನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಇಂಥ ರಸ್ತೆಗಳು ಕಡಿದುಹೋಗಿ ಊರಿಗೆ ಊರೇ ಹೊರಗಿನ ಸಂಪರ್ಕವಿಲ್ಲದೆ ಉಳಿದಿತ್ತು. ಆಗ ನಡೆದು ಹೊರಬಂದ ಜನ ಈಗಲೂ ಅದೇ ರಸ್ತೆಯಂಚಿನಲ್ಲಿ ನಡೆಯುತ್ತಾರೆ. ತಿರುವಿನಾಚೆ ಒಬ್ಬ ಅಜ್ಜಿ ಸೌದೆಯ ಹೊರೆ ಹೊತ್ತು ನಿಂತಿದ್ದರೆ ಎಷ್ಟು ಮಾರಿನಲ್ಲಿ ಬೈಕು ನಿಲ್ಲುತ್ತದೆ ಎಂಬುದು ಆ ಅಜ್ಜಿಗೂ ಸಂಬಂಧಿಸಿದ ಸಂಗತಿ. ಟೈರನ್ನು ಇನ್ನೊಂದು ಮಳೆಗಾಲಕ್ಕೆ ಎಳೆಯುವವರು ತಮ್ಮ ಜೀವದ ಲೆಕ್ಕವನ್ನಷ್ಟೇ ಹಾಕುತ್ತಾರೆ ಎನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಹೊಸ ಟೈರಿನ ಬೆಲೆ ಹೆಚ್ಚು ಎಂಬ ಮಾತನ್ನು ತಳ್ಳಿಹಾಕುವುದಿಲ್ಲ. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವಾಗ, ಅಥವಾ ಭಾಗಮಂಡಲದಿಂದ ಕರಿಕೆಗೆ ಇಳಿಯುವಾಗ ರಬ್ಬರ್ ತೋಟಗಳು ಸಿಗುತ್ತವೆ. ಮಳೆಗಾಲದಲ್ಲಿ ಮರದ ಗಾಯಕ್ಕೆ ನೀರು ಇಳಿಯದಂತೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿರುತ್ತಾರೆ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ತಲೆಮಾರುಗಳಿಂದ ಮರ ಗೀರಿ ರಬ್ಬರ್ ಹಾಲು ಇಳಿಸುವ ಕೆಲಸದಲ್ಲಿವೆ. ಟೈರಿನಲ್ಲಿ ಕೃತಕ ರಬ್ಬರ್, ಇಂಗಾಲದ ಕಪ್ಪುಪುಡಿ, ನೂಲು ಎಲ್ಲ ಇದ್ದರೂ ಒಂದು ಪಾಲು ಹೀಗೆ ನಸುಕಿನಲ್ಲಿ ಎದ್ದು ಮರ ಗೀರುವವರ ಕೈಯಿಂದ ಬಂದದ್ದು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಟೈರಿನ ಬೆಲೆ ನನಗೆ ಅಷ್ಟು ದುಬಾರಿ ಎನ್ನಿಸುವುದಿಲ್ಲ.

ಹಳೆಯ ಟೈರುಗಳನ್ನು ಮನೆಗೆ ಒಯ್ಯುತ್ತೀರಾ ಎಂದು ಇಕ್ಕ ಕೇಳಿದ್ದರು. ತೋಟದ ಮೂಲೆಯಲ್ಲಿ ಬಿದ್ದ ಟೈರಿನಲ್ಲಿ ಜೂನ್‌ನಲ್ಲಿ ನೀರು ನಿಂತರೆ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಅಂಗಡಿಯಲ್ಲೇ ಬಿಟ್ಟು ಬಂದೆವು, ಗುಜರಿಯವರು ಒಯ್ಯುತ್ತಾರೆ. ತಮ್ಮ ಈಗ ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ, ಬೈಕು ತಣ್ಣಗಿರುವ ಬೆಳಿಗ್ಗೆ ಗಾಳಿ ನೋಡಿಸುತ್ತಾನೆ, ಹಾಗೆಯೇ ಟೈರಿನ ಬೆನ್ನ ಮೇಲೆ ಕೈಯಾಡಿಸಿ ಫೋನಿನಲ್ಲಿ ವರದಿ ಒಪ್ಪಿಸುತ್ತಾನೆ. ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ಬಂದಾಗ ಬಿರುನಾಣಿ ಕಡೆ ಹೋಗೋಣ ಎಂದಿದ್ದಾನೆ. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಮಳೆ ಬಿಟ್ಟಿರುವುದಿಲ್ಲ; ರಸ್ತೆಯ ಪಾಚಿ ವರ್ಷದಲ್ಲೇ ಅತಿ ದಪ್ಪವಾಗಿರುವ ಹೊತ್ತು. ಹುದಿಕೇರಿ ದಾಟಿದ ಮೇಲೆ ಚಕ್ರದ ಜಾಡು ಬಿಟ್ಟು ನಡುವೆ ಬರಬೇಡ ಎಂದು ಅವನಿಗೆ ಈಗಲೇ ಹೇಳಿಟ್ಟಿದ್ದೇನೆ.